ಸುಗ್ಗೀಲಿ ರಾಗಿ ಕೊಂಡು ಬೇಸಿಗೇಲಿ ಮಾರೋದು ತಪ್ಪಾ?

ತಮ್ಮಾ, ನಿನ್ನ ಪ್ರಶ್ನೆ ನೋಡಿದೆ. ಊರಲ್ಲಿ ಸುಮಾರು ಮನೆಯವರು ಕಣದಲ್ಲೇ ರಾಗಿ ಮಾರ್ತಾರೆ, ನಿನ್ನ ಕೈಲಿ ಎರಡು ಲಕ್ಷ ಇದೆ, ಕೊಂಡಿಟ್ಟು ಏಪ್ರಿಲ್‌ನಲ್ಲಿ ಮಾರೋಣ ಅಂತಿದ್ದೀಯ. ನಿಮ್ಮಪ್ಪ "ಅಕ್ಕಪಕ್ಕದೋರ ಬೆವರು ಮಾರ್ಕೊಂಡು ತಿನ್ನೋದು ನಮ್ಮನೇಲಿ ಬೇಡ" ಅಂದಿದ್ದಾರೆ. ಮೇಲೆ ಒಬ್ಬರು "ವ್ಯಾಪಾರಂ ದ್ರೋಹಚಿಂತನಂ" ಅಂತ ಬರೆದು ಹೋದರು, ಇನ್ನೊಬ್ಬರು "ದುಡ್ಡು ನಿಂದು, ಲಾಭ ನಿಂದು, ಯಾರಪ್ಪಂದೇನು" ಅಂದರು. ಎರಡೂ ಅವಸರದ ಮಾತು. ನಾನೂ ಅಷ್ಟಿಷ್ಟು ರಾಗಿ, ಹುರುಳಿ ಕೊಂಡು ಮಾರೋನೇ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಮೊದಲು ಒಂದನ್ನ ಒಪ್ಕೋ. ರಾಗಿ ಕಾಪಾಡೋದು ಅಂಥಾ ದೊಡ್ಡ ಕೆಲಸ ಅಲ್ಲ. ಟೊಮೇಟೊ ಥರ ಕೊಳೆಯಲ್ಲ, ಕಾಳುಗಳ ಥರ ಬೇಗ ಹುಳ ಹತ್ತಲ್ಲ. ಹಿಂದೆ ನೆಲದೊಳಗಿನ ಹಗೇವಿಗೆ ತುಂಬಿ ವರ್ಷಗಟ್ಟಲೆ ಇಡ್ತಿದ್ರು. ಹಾಗಾಗಿ "ನಾನು ಜೋಪಾನ ಮಾಡಿದೆ, ಅದಕ್ಕೆ ಈ ಲಾಭ" ಅನ್ನೋದು ರಾಗಿ ವಿಷಯದಲ್ಲಿ ಅಷ್ಟಾಗಿ ನಿಲ್ಲಲ್ಲ. ಸುಗ್ಗೀಲಿ ಅವರು ಕಮ್ಮಿಗೆ ಕೊಡೋದು ತುರ್ತಿಗೆ. ಸೊಸೈಟಿ ಸಾಲ, ಒಕ್ಕಣೆ ಮಿಷಿನ್ ಬಾಡಿಗೆ, ಮಗಳ ಹಾಸ್ಟೆಲ್ ಫೀಸು. ಆ ತುರ್ತಿಗೆ ನೀನು ಕಾಸು ಕೊಡ್ತೀಯ. ಅದಕ್ಕೆ ಎಷ್ಟು ಹಿಡ್ಕೊಳ್ತೀಯ ಅನ್ನೋದೇ ನಿಜವಾದ ಪ್ರಶ್ನೆ.

ಲೆಕ್ಕ ಹಾಕಿ ನೋಡು. ಉದಾಹರಣೆಗೆ ಕ್ವಿಂಟಲ್‌ಗೆ 3500ಕ್ಕೆ ಕೊಂಡೆ ಅನ್ಕೋ. ಎರಡು ಹಳೇ ಚೀಲ 50, ಹಮಾಲಿ 40, ಟೆಂಪೋ 60, ಮಣ್ಣು ಹೊಟ್ಟು ಹೋಗಿ ಕಳೆಯೋದು 70, ನೂರಕ್ಕೆ ಒಂದು ರೂಪಾಯಿ ಬಡ್ಡಿ ಅಂದ್ರೂ ನಾಲ್ಕು ತಿಂಗಳಿಗೆ 140. ಅಲ್ಲಿಗೆ 3860 ಆಯ್ತು. 4100ಕ್ಕೆ ಹೋದರೆ 240 ಉಳೀತು, ನಿನ್ನ ಎರಡು ಲಕ್ಷಕ್ಕೆ ಹದಿಮೂರು ಸಾವಿರದ ಹತ್ತಿರ. ರೇಟು 3800ಕ್ಕೆ ನಿಂತರೆ ಕ್ವಿಂಟಲ್‌ಗೆ 60 ಕೈಯಿಂದ ಹಾಕ್ತೀಯ. ಹೀಗೆ ಬರೋ 240 ತಗೊಳ್ಳೋದಕ್ಕೆ ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ. ನಿಮ್ಮಪ್ಪಂಗೂ ಇದೇ ಲೆಕ್ಕ ತೋರಿಸು.

ಆದರೆ ಬಹಳ ಜನಕ್ಕೆ ಇಷ್ಟು ಸಾಲಲ್ಲ. ಆಗ ತೂಕದಲ್ಲಿ ಕೈ ಹಾಕ್ತಾರೆ. ಅರ್ಧ ಕೆ.ಜಿ. ಆಸುಪಾಸಿನ ಖಾಲಿ ಚೀಲಕ್ಕೆ 2 ಕೆ.ಜಿ. ಕಳೀತಾರೆ, "ಎಲ್ಲಾ ಕಡೆ ಇದೇ ಪದ್ಧತಿ" ಅಂತಾರೆ. 20 ಚೀಲ ತೂಗೋ ಹೊತ್ತಿಗೆ 30 ಕೆ.ಜಿ. ರಾಗಿ ಮಾಯ, 35 ರೂಪಾಯಿ ಲೆಕ್ಕದಲ್ಲಿ 1050. ಹತ್ತು ಕ್ವಿಂಟಲ್ ಮಾರಿದೋರ ಮನೆಯಿಂದ ಸಾವಿರ ರೂಪಾಯಿ ಸದ್ದಿಲ್ಲದೆ ಎದ್ದು ಹೋಯ್ತು. ಅದನ್ನ ಲಾಭ ಅನ್ನಕ್ಕಾಗಲ್ಲ, ಕಳ್ಳತನ ಅನ್ನಬೇಕು. ನೀನು ಸೀಲ್ ಹಾಕಿಸಿರೋ ಎಲೆಕ್ಟ್ರಾನಿಕ್ ತಕ್ಕಡಿ ಇಟ್ಕೋ, ಮೊದಲು ಒಂದು ಖಾಲಿ ಚೀಲ ಅವರ ಕಣ್ಣೆದುರೇ ತೂಗು, ಬಂದಷ್ಟೇ ಕಳಿ. ಡಿಸ್‌ಪ್ಲೇ ಅವರ ಕಡೆ ತಿರುಗಿರ್ಲಿ. ಮಣ್ಣು ಇದ್ದರೆ ಒಂದು ಮೊರದಷ್ಟು ಕೇರಿ ತೋರಿಸಿ ರೇಟು ಮಾತಾಡು. ರಸ್ತೆ ಮೇಲೆ ಒಕ್ಕಿದ ರಾಗೀಲಿ ಕಲ್ಲು ಇದ್ದೇ ಇರುತ್ತೆ, ಅದಕ್ಕೆ ಕಮ್ಮಿ ಕೇಳೋದು ನ್ಯಾಯವೇ. ಮಳೇಲಿ ನೆನೆದು ಕಪ್ಪಾಗಿರೋ ರಾಗಿಗೂ ಅಷ್ಟೇ. 2021ರ ನವೆಂಬರ್ ಮಳೆ ಕಂಡೋರಿಗೆ ಆ ವಾಸನೆ ಹೇಳಿಕೊಡಬೇಕಿಲ್ಲ.

ಇನ್ನು ಬೆಂಬಲ ಬೆಲೆ. 2025-26ಕ್ಕೆ ಕೇಂದ್ರ ಸರ್ಕಾರ ರಾಗಿಗೆ ಕ್ವಿಂಟಲ್‌ಗೆ 4886 ರೂಪಾಯಿ ಘೋಷಿಸಿತ್ತು. ಪಹಣಿ, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ನಂಬರ್) ಇರೋ ರೈತ ಸರ್ಕಾರದ ಖರೀದಿ ಕೇಂದ್ರಕ್ಕೆ ಹಾಕಬಹುದಾದಾಗ, ಅದು ಗೊತ್ತಿಲ್ಲದ ಅಜ್ಜಿ ಹತ್ತಿರ 3500ಕ್ಕೆ ತಗೊಂಡು ಬಾಯಿ ಮುಚ್ಕೊಂಡು ಬರೋದು ನನ್ನ ಪ್ರಕಾರ ಮೋಸವೇ. ಹೇಳಿಬಿಡು. "ಅಜ್ಜಿ, ಕೇಂದ್ರಕ್ಕೆ ಹಾಕಿದ್ರೆ ಇಷ್ಟು ಬರುತ್ತೆ, ನೋಂದಣಿ ಮಾಡಿಸಬೇಕು, ಕಾಯಬೇಕು, ದುಡ್ಡು ಖಾತೆಗೆ ತಡವಾಗಿ ಬರುತ್ತೆ." ಕೇಳಿಸ್ಕೊಂಡ ಮೇಲೂ "ನಂಗೆ ಈಗ್ಲೇ ಬೇಕು ಮಗಾ" ಅಂದ್ರೆ ಧಾರಾಳವಾಗಿ ತಗೋ.

ಅವರ ಪಹಣಿ ಇಸ್ಕೊಂಡು, ಕೊಂಡ ರಾಗೀನ ಅವರ ಹೆಸರಲ್ಲೇ ಕೇಂದ್ರಕ್ಕೆ ಹಾಕಿ, ಖಾತೆಗೆ ಬಂದ ದುಡ್ಡು ವಾಪಸ್ ತಗೊಳ್ಳೋ ದಂಧೆಗೆ ಯಾರಾದರೂ ಕರೆದರೆ ಹತ್ತಿರ ಸೇರಿಸ್ಬೇಡ. ಸಿಕ್ಕಿಬಿದ್ದ ದಿನ ನೋಟಿಸ್ ಬರೋದು ಪಹಣಿ ಕೊಟ್ಟ ಬಡಪಾಯಿಗೂ.

ನಿನ್ನಂಥ ಕೊಳ್ಳೋನು ನಿಜವಾಗ್ಲೂ ಬೇಕಾಗಿರೋದು ಬೇರೆಯವರ ಹೊಲ ವಾರಕ್ಕೆ (ಬೆಳೆ ಪಾಲಿಗೆ) ಮಾಡೋರಿಗೆ, ಜಮೀನಿನ ಖಾತೆ ಇನ್ನೂ ತಾತನ ಹೆಸರಲ್ಲೇ ಇರೋರಿಗೆ. ಅವರ ಹೆಸರಲ್ಲಿ ಪಹಣಿ ಇಲ್ಲ, ಕೇಂದ್ರದ ಬಾಗಿಲು ಅವರಿಗೆ ತೆಗೆಯಲ್ಲ. ಮೂರು ಚೀಲ ಹೊತ್ಕೊಂಡು ಮಂಡಿಗೆ ಹೋದರೆ ಆಟೋ ಬಾಡಿಗೇಗೇ ಸರಿಹೋಗುತ್ತೆ. ಮೋಸ ಹೋಗೋರೂ ಜಾಸ್ತಿ ಇವರೇ, ಯಾಕಂದ್ರೆ ಬೇರೆ ದಾರಿ ಇಲ್ಲ ಅಂತ ಕೊಳ್ಳೋನಿಗೆ ಚೆನ್ನಾಗಿ ಗೊತ್ತು. ಇಂಥವರ ಜೊತೆ ಹೀಗೊಂದು ಒಪ್ಪಂದ ಮಾಡ್ಕೋ: ಈಗ 3500 ಪೂರ್ತಿ ಕೊಡು, ಮುಂದೆ ಮಾರಿದಾಗ ಖರ್ಚು ಕಳೆದು ಕ್ವಿಂಟಲ್‌ಗೆ 250ಕ್ಕಿಂತ ಜಾಸ್ತಿ ಉಳಿದರೆ ಮೇಲಿನದ್ದರಲ್ಲಿ ಅರ್ಧ ಅವರಿಗೆ. ನೋಟ್ ಪುಸ್ತಕದಲ್ಲಿ ಬರೆದು ಇಬ್ಬರೂ ಸೈನ್ ಹಾಕಿ. ನಿಂಗೇನೂ ಬಹಳ ನಷ್ಟ ಆಗಲ್ಲ, ಮುಂದಿನ ಸುಗ್ಗೀಲಿ ಅವರೇ ಫೋನ್ ಮಾಡ್ತಾರೆ.

ಬಿತ್ತನೆ ಕಾಲದಲ್ಲಿ ಗೊಬ್ಬರಕ್ಕೆ ಐದು ಸಾವಿರ ಕೊಟ್ಟು "ರಾಗಿ ನಂಗೇ ಕೊಡ್ಬೇಕು, ರೇಟು ಆಮೇಲೆ ನೋಡೋಣ" ಅನ್ನೋ ವ್ಯಾಪಾರ ಮಾತ್ರ ಬೇಡವೇ ಬೇಡ. ಸಾಲ ಬೇರೆ, ಖರೀದಿ ಬೇರೆ. ಎರಡೂ ಒಂದೇ ಕೈಯಲ್ಲಿ ಸೇರಿದ ಮೇಲೆ ಮಾರೋನಿಗೆ "ಇಲ್ಲ" ಅನ್ನೋ ಶಕ್ತಿ ಉಳಿಯಲ್ಲ.

ಮಾರೋ ಕಡೆನೂ ಒಂದೆರಡು ಮಾತು. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಕೆ.ಜಿ. ಲೆಕ್ಕದಲ್ಲಿ ಕೊಡೋದಾದ್ರೆ ಕ್ಲೀನ್ ಮಾಡಿ, ಪ್ಯಾಕ್ ಮಾಡಿ 60ಕ್ಕೆ ಮಾರು, ತಪ್ಪಿಲ್ಲ. "ನಮ್ಮ ಹೊಲದ್ದು", "ಸಾವಯವ" ಅಂತ ಚೀಟಿ ಅಂಟಿಸ್ಬೇಡ. ಹತ್ತು ಮನೆಯಿಂದ ತಂದಿದ್ದೀಯ, ಯಾರು ಯೂರಿಯಾ ಹಾಕಿದ್ರು ನಿಂಗೇನು ಗೊತ್ತು? "ನಮ್ಮೂರಿನ ರೈತರಿಂದ ಕೊಂಡಿದ್ದು" ಅಂತ ಬರೆ. ಹಾಗೇ ಮೇ ತಿಂಗಳಲ್ಲಿ ಯಾರಾದ್ರೂ ಬಿತ್ತೋಕೆ ಕೇಳಿದ್ರೆ, ಚೀಲದ ರಾಗೀನ ಜಿಪಿಯು 28, ಎಂಆರ್ 6 ಅಂತ ತಳಿ ಹೆಸರು ಹೇಳಿ ಕೊಡಬೇಡ. ಬೀಜದ ವ್ಯಾಪಾರಕ್ಕೆ ಲೈಸೆನ್ಸೇ ಬೇರೆ, ತಳಿ ಕಲಬೆರಕೆ ಆದರೆ ಒಂದು ಸಂಸಾರದ ಇಡೀ ವರ್ಷ ಹಾಳಾಗುತ್ತೆ.

ಇನ್ನೊಂದು ವಿಷಯ, ನಿನ್ನ ವ್ಯಾಪಾರಕ್ಕೆ ಕಲ್ಲು ಹಾಕಿದ ಹಾಗಾದರೂ ಹೇಳ್ತೀನಿ. ಕಿಸಾನ್ ಕ್ರೆಡಿಟ್ ಕಾರ್ಡ್ ಇರೋ ಸಣ್ಣ ರೈತರು ಮಾನ್ಯತೆ ಇರೋ ಉಗ್ರಾಣದಲ್ಲಿ ಫಸಲು ಇಟ್ಟು, ಆ ರಸೀದಿ ಮೇಲೆ ಆರು ತಿಂಗಳವರೆಗೆ ಬೆಳೆ ಸಾಲದ ರಿಯಾಯಿತಿ ಬಡ್ಡೀಲೇ ಸಾಲ ತಗೋಬಹುದು. ಅದು ಅನುಕೂಲ ಆಗೋರಿಗೆ ದಾರಿ ತೋರಿಸು. ಎರಡು ಚೀಲಕ್ಕೆ ಉಗ್ರಾಣ ಸುತ್ತೋಕಾಗದೋರು ಹೇಗೂ ನಿನ್ನ ಹತ್ತಿರವೇ ಬರ್ತಾರೆ.

ಶುರು ಮಾಡೋ ಮುಂಚೆ ಎಪಿಎಂಸಿ (ಕೃಷಿ ಮಾರುಕಟ್ಟೆ ಸಮಿತಿ) ಆಫೀಸಿಗೆ ಹೋಗಿ, ಇಷ್ಟು ಪ್ರಮಾಣಕ್ಕೆ ಲೈಸೆನ್ಸ್ ಬೇಕಾ, ಸೆಸ್ ಎಷ್ಟು ಅಂತ ಕೇಳ್ಕೊಂಡು ಬಾ. ಮೊದಲ ವರ್ಷ ಎರಡು ಲಕ್ಷನೂ ಹಾಕ್ಬೇಡ, ಇಪ್ಪತ್ತು ಕ್ವಿಂಟಲ್ ಸಾಕು. ದುಡ್ಡು ತೂಗಿದ ದಿನವೇ ಕೊಡು, "ಮಾರಿದ ಮೇಲೆ ಕೊಡ್ತೀನಿ" ಅನ್ನೋದಾದ್ರೆ ಕೊಳ್ಳಲೇಬೇಡ. ಯಾವ ತಾಲ್ಲೂಕು ಅಂತ ಹಾಕು, ಆ ಕಡೆ ಬಾಡಿಗೆಗೆ ಒಣಗಿದ ಗೋಡೌನ್ ಇದ್ದರೆ ಇಲ್ಲಿರೋರು ಯಾರಾದ್ರೂ ಹೇಳ್ತಾರೆ.