ಊರಲ್ಲಿ ಜನ ಬರ್ತಾರೆ, ನಮ್ಮ ರಾಕ್ ಬ್ಯಾಂಡ್ ಈಗ ಬೆಂಗಳೂರಿಗೆ ಶಿಫ್ಟ್ ಆಗಬೇಕಾ?

ದಾವಣಗೆರೆಯಲ್ಲಿ ನೂರು ಜನ, ಚಿತ್ರದುರ್ಗದಲ್ಲಿ ಐವತ್ತು ಜನ ಬರ್ತಾರೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಹೊಟ್ಟೆಯಲ್ಲಿ ಏನೋ ಆಯಿತು. 2016ರಲ್ಲಿ ನಾವು ಸರಿಯಾಗಿ ಇದೇ ಜಾಗದಲ್ಲಿದ್ದೆವು.

ನಾವು ಧಾರವಾಡದವರು, ನಾಲ್ಕು ಜನ. ನಾನು ಬೇಸ್ ಗಿಟಾರ್. ಸ್ವಂತ ಕನ್ನಡ ಹಾಡುಗಳು, ಕೊನೆಗೆ ಶಿಶುನಾಳ ಶರೀಫರದ್ದೊಂದು ತತ್ವಪದ. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್‌ನಲ್ಲೇ ಶರೀಫರನ್ನು ಹಾಡಿದ್ದರು, ನಮಗೆ ಧೈರ್ಯ ಬಂದದ್ದು ಅಲ್ಲಿಂದ. ನಮ್ಮ ಕಡೆ ಜನ ಆ ಪದಗಳನ್ನು ಭಜನೆಯಲ್ಲಿ ಕೇಳಿಯೇ ಬೆಳೆದಿರುತ್ತಾರೆ. ಗಿಟಾರಿಗೆ ಎಷ್ಟೇ ಡಿಸ್ಟಾರ್ಷನ್ ಹಾಕಿದರೂ ಹಿಂದೆ ನಿಂತ ಹಿರಿಯರು ಕೈ ತಟ್ಟುತ್ತಿದ್ದರು. ಡ್ರಮ್ ಕಿಟ್ ಓಮ್ನಿಗೆ ತುಂಬಿಕೊಂಡು ಹುಬ್ಬಳ್ಳಿ, ಗದಗ, ಬೆಳಗಾವಿ ಸುತ್ತಿದೆವು. ಕಾರ್ಯಕ್ರಮ ಮುಗಿದ ಮೇಲೆ ನಾನು ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ನಿಲ್ಲುತ್ತಿದ್ದೆ. ಹೆಸರು, ಊರು, ಫೋನ್ ನಂಬರ್. ಎರಡು ವರ್ಷಕ್ಕೆ 230 ಆಯಿತು.

ತಪ್ಪು ಮಾಡಿದ್ದು ಇಲ್ಲಿ. ಅಷ್ಟೂ ನಂಬರ್ ಮೊಬೈಲಿಗೆ ಹಾಕಿ ವಾಟ್ಸಾಪ್‌ನಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದೆ, ಅಂದರೆ ಒಂದೇ ಮೆಸೇಜ್ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುವ ಪಟ್ಟಿ. ಒಂದು ಲಿಸ್ಟಿಗೆ 256 ಜನ ಹಿಡಿಯುತ್ತಾರೆ, ಎಲ್ಲರೂ ಒಂದರಲ್ಲೇ ಕೂತರು. ಹುಬ್ಬಳ್ಳಿಯಲ್ಲಿ ಹಾಲ್ ಬಾಡಿಗೆ ಹಿಡಿದು ಪೋಸ್ಟರ್ ಕಳಿಸಿದೆ. ಬಂದವರು 19 ಜನ. ಬ್ರಾಡ್‌ಕಾಸ್ಟ್ ಮೆಸೇಜ್ ತಲುಪುವುದು ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ. ಗ್ರೂಪ್ ಹಾಗಲ್ಲ, ಇದು ಹಾಗೆ. ನಾನು ಅವರ ನಂಬರ್ ಬರೆದುಕೊಂಡೆ, ನಮ್ಮದನ್ನು ಅವರಿಗೆ ಕೊಡಲೇ ಇಲ್ಲ. ಮೆಸೇಜ್ ಇನ್ಫೋ ಒತ್ತಿ ನೋಡಿದ್ದರೆ ಯಾರಿಗೆ ತಲುಪಿದೆ, ಯಾರಿಗಿಲ್ಲ ಅಂತ ಅವತ್ತೇ ಗೊತ್ತಾಗುತ್ತಿತ್ತು. ಒತ್ತಲಿಲ್ಲ. ಆ ಖಾಲಿ ಕುರ್ಚಿಗಳನ್ನು ನೋಡಿ ‘ಇಲ್ಲಿಯ ಜನಕ್ಕೆ ನಾವು ಬೇಡ’ ಅಂದುಕೊಂಡೆವು. ಎರಡೇ ತಿಂಗಳಲ್ಲಿ ಬೆಂಗಳೂರಿಗೆ ಗಂಟು ಕಟ್ಟಿದೆವು.

ಬೆಂಗಳೂರಿನ ಕತೆ ಉದ್ದ ಬೇಡ. ಬಾಡಿಗೆ ಕಟ್ಟಲು ಕೆಲಸ, ಕೆಲಸದ ನಡುವೆ ಪ್ರಾಕ್ಟೀಸ್ ಇಲ್ಲ. ಪಬ್‌ಗಳಲ್ಲಿ ಇಂಗ್ಲಿಷ್ ಹಾಡು ಕೇಳುತ್ತಿದ್ದರು. ಒಂದೂವರೆ ವರ್ಷಕ್ಕೆ ಬ್ಯಾಂಡ್ ಒಡೆಯಿತು.

ಆ ದಸರಾಕ್ಕೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಿಂದ ಧಾರವಾಡದಲ್ಲಿ ಇಳಿದು ಚಹಾ ಕುಡಿಯುತ್ತಿದ್ದೆ. ಒಬ್ಬ ಹುಡುಗ ಬಂದು, ‘ಅಣ್ಣಾರ, ನಿಮ್ಮ ಪ್ರೋಗ್ರಾಂ ಮತ್ತ ಯಾವಾಗ್ರೀ? ನಂಬರ್ ಬರಸಿದ್ದೆ, ನೀವು ಹೇಳಲೇ ಇಲ್ಲಲ್ರೀ’ ಅಂದ. ಅವನ ಮೊಬೈಲ್ ಇಸಿದುಕೊಂಡು ಹುಡುಕಿದೆ. ನಮ್ಮ ಒಂದು ಮೆಸೇಜೂ ಇರಲಿಲ್ಲ. ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಅದಕ್ಕೇ ಹೇಳ್ತೀನಿ, ಬೆಂಗಳೂರೋ ದಾವಣಗೆರೆಯೋ ಅನ್ನುವ ಪ್ರಶ್ನೆಯನ್ನು ಸದ್ಯ ಬಿಟ್ಟುಬಿಡಿ. ಆ ನೂರೈವತ್ತು ಜನಕ್ಕೆ ಇವತ್ತು ರಾತ್ರಿ ಒಂದು ಮಾತು ಮುಟ್ಟಿಸಲು ನಿಮಗೆ ಆಗುತ್ತಾ? ಆಗದಿದ್ದರೆ ಮೊದಲು ಅದನ್ನು ಮಾಡಿ. ಬಾಗಿಲಲ್ಲೇ ನಿಂತು, ನಿಮ್ಮೆದುರೇ ನಂಬರ್ ಸೇವ್ ಮಾಡಿಸಿ, ‘ಹಾಯ್’ ಅಂತ ಕಳಿಸೋಕೆ ಹೇಳಿ. ಸಂಕೋಚ ಬೇಡ, ಹಾಡು ಇಷ್ಟವಾದವರು ಖುಷಿಯಿಂದ ಮಾಡುತ್ತಾರೆ. ಆಮೇಲೆ ಹರಿಹರ, ರಾಣೆಬೆನ್ನೂರು, ಹಾವೇರಿ. ಎಲ್ಲಾ ಒಂದೇ ರೈಲು ದಾರಿಯಲ್ಲಿವೆ. ಬೆಂಗಳೂರಲ್ಲಿ ಯಾರಾದರೂ ಕರೆದರೆ ಶನಿವಾರ ಹೋಗಿ ನುಡಿಸಿ, ಭಾನುವಾರ ವಾಪಸ್ ಬನ್ನಿ. ಮನೆ ಮಾತ್ರ ಮಾಡಬೇಡಿ.