ಜೊಹಾನ್ಸ್‌ಬರ್ಗ್ ಎಲ್ಲಿ ಹೋಯಿತು?

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ದಕ್ಷಿಣ ಆಫ್ರಿಕಾದ ನಟಿ ಥೂಸೊ ಎಂಬೆಡು ಅವರನ್ನು ಕುರಿತ ನಿಮ್ಮ ಲೇಖನ ‘ಕಗ್ಗತ್ತಲ ಖಂಡದಿಂದ ಹಾಲಿವುಡ್ ಬೆಳಕಿಗೆ’ ತಲುಪಿತು. ಇವರ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆಯಲಿ ಎಂದು ನನಗೂ ಆಸೆಯಿತ್ತು. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಎರಡು ಸಾಲಿನ ವಿಷಾದಪತ್ರ ಕಳಿಸಿ ಸುಮ್ಮನಾಗಬಹುದಿತ್ತು. ನಿಮ್ಮ ಗದ್ಯಕ್ಕೆ ಒಳ್ಳೆಯ ಓಟವಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಕೆಲವು ಮಾತು ಒರಟಾಗಿ ಕಂಡೀತು, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಶೀರ್ಷಿಕೆ ತೆಗೆಯಿರಿ. ‘ಕಗ್ಗತ್ತಲ ಖಂಡ’ ಎಂಬ ಹೆಸರಿಟ್ಟವರು ಆ ನೆಲದ ಮೇಲೆ ಕಣ್ಣಿಟ್ಟಿದ್ದ ಹತ್ತೊಂಬತ್ತನೆಯ ಶತಮಾನದ ಯುರೋಪಿಯನ್ನರು. ಅವರ ಗಂಟನ್ನು ನಾವೇಕೆ ಹೊರಬೇಕು? ಉದ್ದಕ್ಕೂ ‘ಆಫ್ರಿಕಾದ ಹುಡುಗಿ’ ಎಂದು ಬರೆದಿದ್ದೀರಿ. 54 ದೇಶಗಳಿರುವ ಖಂಡ ಅದು. ಎಂಬೆಡು ಹುಟ್ಟಿದ್ದು ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದ ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ, 1991ರಲ್ಲಿ. ಅಷ್ಟು ಖಚಿತವಾಗಿ ಗೊತ್ತಿರುವಾಗ ಖಂಡದ ಹೆಸರಿನ ಹಿಂದೆ ಅಡಗುವುದು ಬೇಡ.

ಪೀಟರ್‌ಮಾರಿಟ್ಸ್‌ಬರ್ಗ್ ಎಂದೊಡನೆ ನೀವು ಗಾಂಧೀಜಿಯ ಕಡೆಗೆ ಹೊರಟುಬಿಟ್ಟಿರಿ. ದಕ್ಷಿಣ ಆಫ್ರಿಕಾದ ಬಗ್ಗೆ ಬರೆಯುವ ನಮ್ಮವರಲ್ಲಿ ಯಾರಿಗೂ ಆ ರೈಲು ತಪ್ಪುವುದಿಲ್ಲ! 1893ರಲ್ಲಿ ಬ್ಯಾರಿಸ್ಟರ್ ಗಾಂಧಿಯನ್ನು ಅದೇ ನಿಲ್ದಾಣದಲ್ಲಿ ರೈಲಿನಿಂದ ಹೊರದಬ್ಬಿದ್ದು ನಿಜ. ಆದರೆ ಅದಕ್ಕೂ ಈ ನಟಿಯ ಅಭಿನಯಕ್ಕೂ ಏನು ಸಂಬಂಧ ಎಂಬುದನ್ನು ನಿಮ್ಮ ಒಂದೂವರೆ ಪುಟ ಹೇಳುವುದಿಲ್ಲ. ಓದುಗರು ಕಾಯುತ್ತಿರುವುದು ಎಂಬೆಡು ಅವರಿಗಾಗಿ.

ನಾಲ್ಕು ವರ್ಷದ ಮಗುವಾಗಿದ್ದಾಗ ಅವರು ತಾಯಿಯನ್ನು ಕಳೆದುಕೊಂಡರು, ಅಜ್ಜಿಯ ಕೈಯಲ್ಲಿ ಬೆಳೆದರು. ಇದನ್ನು ಹೇಳಲೇಬೇಕು, ಒಂದು ವಾಕ್ಯದಲ್ಲಿ ಹೇಳಿ. ನೀವು ಮೂರು ಪ್ಯಾರಾ ಅತ್ತಿದ್ದೀರಿ. ಮಳೆ, ಕಿಟಕಿ, ಒಂಟಿ ದೀಪ ಎಲ್ಲವೂ ನಿಮ್ಮ ಕಲ್ಪನೆ. ಬದುಕಿರುವ ವ್ಯಕ್ತಿಯ ಬಾಲ್ಯಕ್ಕೆ ನಾವು ಮಳೆ ಸುರಿಸಬಾರದು.

ಇನ್ನು ಮುಖ್ಯ ವಿಷಯ. ನಿಮ್ಮ ನಾಲ್ಕನೆಯ ಪುಟದ ಕೊನೆಗೆ ಈ ವಾಕ್ಯವಿದೆ: ‘ಕೆಲವು ಸ್ಥಳೀಯ ಧಾರಾವಾಹಿಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿಕೊಂಡಿದ್ದ ಆಕೆಯ ಬಾಗಿಲನ್ನು ಒಂದು ದಿನ ಅದೃಷ್ಟ ತಟ್ಟಿತು.’ ಪುಟ ತಿರುಗಿಸಿದರೆ ಅವರು ಅಮೆರಿಕದ ಜಾರ್ಜಿಯಾದಲ್ಲಿ, ‘ದಿ ಅಂಡರ್‌ಗ್ರೌಂಡ್ ರೈಲ್‌ರೋಡ್’ ಸರಣಿಯ ಸೆಟ್ಟಿನಲ್ಲಿದ್ದಾರೆ. ಒಂದು ವೃತ್ತಿಜೀವನವನ್ನೇ ಈ ವಾಕ್ಯ ನುಂಗಿ ನೀರು ಕುಡಿದಿದೆ.

ನಡುವೆ ಏನೇನಾಯಿತು ನೋಡಿ. ಅವರು ಜೊಹಾನ್ಸ್‌ಬರ್ಗ್‌ಗೆ ಬಂದು ವಿಟ್ಸ್ ವಿಶ್ವವಿದ್ಯಾಲಯದಲ್ಲಿ ರಂಗಕಲೆ ಓದಿದರು, 2013ರಲ್ಲಿ ಪದವಿ ಪಡೆದರು. ಆಮೇಲೆ ‘ಇಸಿಬಾಯ’, ‘ಸ್ಕ್ಯಾಂಡಲ್!’ ಥರದ ದಿನನಿತ್ಯದ ಧಾರಾವಾಹಿಗಳು. 2016ರಲ್ಲಿ ‘ಇಸ್‌ಥುನ್ಜಿ’ ಎಂಬ ಸರಣಿಯಲ್ಲಿ ವಿನ್ನಿ ಎಂಬ ಹದಿಹರೆಯದ ಹುಡುಗಿಯ ಪಾತ್ರ. ಅದು ಸಣ್ಣಪುಟ್ಟ ಪಾತ್ರವಲ್ಲ, ಮುಖ್ಯ ಪಾತ್ರ. ಅದಕ್ಕಾಗಿಯೇ ಇಂಟರ್‌ನ್ಯಾಷನಲ್ ಎಮ್ಮಿ ಎಂಬ ಟಿವಿ ಪ್ರಶಸ್ತಿಗೆ 2017ರಲ್ಲೂ 2018ರಲ್ಲೂ ನಾಮನಿರ್ದೇಶನಗೊಂಡರು.

ಆ ಧಾರಾವಾಹಿಗಳ ಲೋಕವನ್ನು ಸ್ವಲ್ಪ ಬಿಡಿಸಿ ತೋರಿಸಿದ್ದರೆ ಲೇಖನ ಎದ್ದು ನಿಲ್ಲುತ್ತಿತ್ತು. ದಕ್ಷಿಣ ಆಫ್ರಿಕಾದಲ್ಲಿ ಟಿವಿ ಪ್ರಸಾರ ಶುರುವಾದದ್ದೇ 1976ರಲ್ಲಿ; ವರ್ಣಭೇದದ ಸರ್ಕಾರಕ್ಕೆ ಆ ಪೆಟ್ಟಿಗೆಯ ಭಯವಿತ್ತು. ಮೊದಲು ಇಂಗ್ಲಿಷ್ ಮತ್ತು ಡಚ್ ಮೂಲದ ಆಫ್ರಿಕಾನ್ಸ್ ಭಾಷೆ ಮಾತ್ರ. ಜುಲು, ಸೋತೊ ಮುಂತಾದ ಭಾಷೆಗಳಿಗೆ ಪ್ರತ್ಯೇಕ ವಾಹಿನಿ ಬಂದದ್ದು 1980ರ ದಶಕದಲ್ಲಿ. ಎಲ್ಲ ಜನಾಂಗದವರೂ ಮತ ಹಾಕಿದ 1994ರ ಚುನಾವಣೆಯ ನಂತರ ಬೆಳೆದ ಧಾರಾವಾಹಿಗಳಲ್ಲಿ ಒಬ್ಬರು ಜುಲುವಿನಲ್ಲಿ ಕೇಳಿದರೆ ಇನ್ನೊಬ್ಬರು ಸೋತೊದಲ್ಲಿ ಉತ್ತರಿಸುತ್ತಾರೆ, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿರುತ್ತದೆ. ಅಲ್ಲಿನವರು ಇವನ್ನು ‘ಸೋಪಿ’ ಎನ್ನುತ್ತಾರೆ. ದಿನಕ್ಕೊಂದು ಕಂತು ಕೊಡಬೇಕಾದ ಅವಸರ ಎಂಥದೆಂದು ನಮ್ಮ ಧಾರಾವಾಹಿಗಳವರನ್ನು ಕೇಳಿದರೆ ಹೇಳಿಯಾರು. ಬೇಗ ಮಾತು ಬಾಯಿಪಾಠ ಮಾಡಬೇಕು, ಬೇಗ ಅಳಬೇಕು, ಮುಂದಿನ ದೃಶ್ಯಕ್ಕೆ ಓಡಬೇಕು. ಅಂಥ ಕಡೆ ಪಳಗಿದವರನ್ನು ‘ಅದೃಷ್ಟ’ದ ಕೂಸು ಎನ್ನುತ್ತೀರಲ್ಲ!

ಚಾರ್ಲೀಸ್ ಥೆರಾನ್ ಹೆಸರನ್ನು ಒಂದೇ ಸಾಲಿನಲ್ಲಿ ತಂದು ‘ಅವರಂತೆಯೇ ಇವರೂ’ ಎಂದು ಮುಗಿಸಿದ್ದೀರಿ. ಅಲ್ಲವೇ ಅಲ್ಲ. ಬೆನೋನಿಯಲ್ಲಿ ಹುಟ್ಟಿ ಆಫ್ರಿಕಾನ್ಸ್ ಮಾತಾಡಿ ಬೆಳೆದ ಥೆರಾನ್ ಹದಿನಾರರ ವಯಸ್ಸಿಗೇ ಮಾಡೆಲಿಂಗ್ ಸ್ಪರ್ಧೆ ಗೆದ್ದು ಇಟಲಿಗೆ ಹೋದರು. ನ್ಯೂಯಾರ್ಕ್‌ನಲ್ಲಿ ಬ್ಯಾಲೆ ಕಲಿಯುತ್ತಿದ್ದಾಗ ಮಂಡಿ ಕೈಕೊಟ್ಟಿತು, ಆಮೇಲೆ ಲಾಸ್ ಏಂಜಲೀಸ್. ನಟಿಯಾದದ್ದು ಅಲ್ಲಿ, ಅಮೆರಿಕನ್ ಉಚ್ಚಾರಣೆ ರೂಢಿಸಿಕೊಂಡೇ. 2004ರಲ್ಲಿ ಆಸ್ಕರ್ ಪಡೆದಾಗ ಅಭಿನಯಕ್ಕೆ ಆ ಗೌರವ ಪಡೆದ ಮೊದಲ ದಕ್ಷಿಣ ಆಫ್ರಿಕನ್ ಅವರು. ಎಂಬೆಡು ಊರಲ್ಲೇ ಪಳಗಿ, ಊರಲ್ಲೇ ಹೆಸರು ಮಾಡಿ ಆಮೇಲೆ ಹೊರಟವರು. ಒಂದೇ ದೇಶದಿಂದ ಹೊರಟ ಬಿಳಿಯ ನಟಿ ಮತ್ತು ಕಪ್ಪು ನಟಿಯ ಈ ಎರಡು ದಾರಿಗಳನ್ನು ಎದುರುಬದುರು ಇಟ್ಟು ನೋಡಿದರೆ ನಿಮಗೆ ಒಂದು ಒಳ್ಳೆಯ ಪ್ಯಾರಾ ಸಿಗುತ್ತದೆ. ಹೋಲಿಕೆಗಿಂತ ವ್ಯತ್ಯಾಸವನ್ನು ಹುಡುಕಿ.

ಒಂದು ತಪ್ಪು ಗಂಭೀರವಾದದ್ದು. ‘ಎಮ್ಮಿ ವಿಜೇತೆ’ ಎಂದು ಎರಡು ಕಡೆ ಬರೆದಿದ್ದೀರಿ. ಅಮೆರಿಕದ ಹೊರಗೆ ತಯಾರಾದ ಕಾರ್ಯಕ್ರಮಗಳಿಗೆ ಕೊಡುವ ಇಂಟರ್‌ನ್ಯಾಷನಲ್ ಎಮ್ಮಿ ಬೇರೆ, ಅಮೆರಿಕದ ಎಮ್ಮಿ ಬೇರೆ. ಮೊದಲನೆಯದಕ್ಕೆ ನಾಮನಿರ್ದೇಶನವಾಗಿತ್ತು, ಪ್ರಶಸ್ತಿ ಬರಲಿಲ್ಲ. ಎರಡನೆಯದರ ಕಥೆ ಇನ್ನೂ ಸ್ವಾರಸ್ಯ: 2021ರಲ್ಲಿ ಬಂದ ‘ದಿ ಅಂಡರ್‌ಗ್ರೌಂಡ್ ರೈಲ್‌ರೋಡ್’ ಸರಣಿಗೆ 7 ನಾಮನಿರ್ದೇಶನ ಬಂದವು, ಹತ್ತು ಕಂತುಗಳ ಭಾರ ಹೊತ್ತ ನಾಯಕಿಯ ಹೆಸರೇ ಪಟ್ಟಿಯಲ್ಲಿರಲಿಲ್ಲ. ಅವರನ್ನು ಗುರುತಿಸಿದ್ದು ಮರುವರ್ಷದ ಇಂಡಿಪೆಂಡೆಂಟ್ ಸ್ಪಿರಿಟ್ ಪ್ರಶಸ್ತಿ. ವಿಜೇತೆ ಎಂದು ಸುಳ್ಳು ಹೊಗಳುವುದಕ್ಕಿಂತ ಈ ಸಂಗತಿಯನ್ನು ಬರೆದಿದ್ದರೆ ಓದುಗರು ಕಿವಿ ನಿಮಿರಿಸುತ್ತಿದ್ದರು.

ಆ ಸರಣಿಯ ಬಗ್ಗೆ ನೀವು ಬರೆದ ಭಾಗ ಚೆನ್ನಾಗಿದೆ, ಬಹುಪಾಲು ಹಾಗೇ ಉಳಿಸಿ. ಒಂದು ಪ್ರಶ್ನೆಯನ್ನು ಮಾತ್ರ ಬಿಟ್ಟಿದ್ದೀರಿ. ಜಾರ್ಜಿಯಾದ ಹತ್ತಿ ತೋಟದಿಂದ ತಪ್ಪಿಸಿಕೊಳ್ಳುವ ಗುಲಾಮ ಹೆಣ್ಣು ಕೋರಾಳ ಪಾತ್ರವನ್ನು ಅಮೆರಿಕದ ಕಪ್ಪು ನಟಿಗೆ ಕೊಡದೆ ದಕ್ಷಿಣ ಆಫ್ರಿಕಾದವರಿಗೆ ಕೊಡಬಹುದೇ? ಇದು ಅಲ್ಲಿ ನಡೆದೇ ಇದ್ದ ಚರ್ಚೆ. ಅಮೆರಿಕದ ಕಥೆಗೆ ಬ್ರಿಟಿಷ್ ಕಪ್ಪು ನಟನನ್ನು ಆರಿಸಿದಾಗ 2017ರಲ್ಲಿ ಅಮೆರಿಕದ ಕಪ್ಪು ನಟ ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ಬಹಿರಂಗವಾಗಿಯೇ ಆಕ್ಷೇಪ ಎತ್ತಿದ್ದರು. ಲಂಡನ್ನಿನಲ್ಲಿ ಹುಟ್ಟಿದ ನಟಿ ಸಿಂಥಿಯಾ ಎರಿವೊ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಇತರರನ್ನೂ ಪಾರುಮಾಡಿದ ಅಮೆರಿಕದ ಹ್ಯಾರಿಯೆಟ್ ಟಬ್‌ಮನ್ ಪಾತ್ರ ಮಾಡಿದಾಗಲೂ ಗಲಾಟೆಯಾಯಿತು. ಎಂಬೆಡು ಮಾಡಿದ್ದು ಇಷ್ಟು: ಗುಲಾಮಗಿರಿ ಅನುಭವಿಸಿದವರು ಹೇಳಿಕೊಂಡು, ಅಮೆರಿಕದಲ್ಲಿ ದಾಖಲಾಗಿ ಉಳಿದ ಮಾತುಗಳನ್ನು ಆಧಾರವಾಗಿಟ್ಟುಕೊಂಡು ಕೋರಾಳ ದನಿ ಕಟ್ಟಿಕೊಂಡರು. ನನ್ನ ಮಟ್ಟಿಗೆ ಆ ದುಡಿಮೆಯೇ ಆಕ್ಷೇಪಕ್ಕೆ ಅರ್ಧ ಉತ್ತರ. ಉಳಿದರ್ಧದ ಬಗ್ಗೆ ನಿಮ್ಮ ಅಭಿಪ್ರಾಯ ನನ್ನದಕ್ಕಿಂತ ಬೇರೆಯಿದ್ದರೂ ಸರಿ, ಬರೆಯಿರಿ. ತಪ್ಪಿಸಿಕೊಳ್ಳಬೇಡಿ.

‘ದಿ ವುಮನ್ ಕಿಂಗ್’ ಚಿತ್ರದ ಕಥೆಯನ್ನು ಪೂರ್ತಿ ಹೇಳಿದ್ದೀರಿ, ಅಗತ್ಯವಿಲ್ಲ. ನಟಿ ವಯೋಲಾ ಡೇವಿಸ್ ಎದುರು ನಾವಿ ಎಂಬ ಯುವತಿಯ ಪಾತ್ರದಲ್ಲಿ ಎಂಬೆಡು ಹೇಗೆ ನಿಂತರು ಎಂಬುದು ಬೇಕು. ಅದು ಈಗಿನ ಬೆನಿನ್ ದೇಶದಲ್ಲಿದ್ದ ದಹೋಮೆ ರಾಜ್ಯದ ಹೆಣ್ಣುಪಡೆಯ ಕಥೆ. ಆ ರಾಜ್ಯವೇ ಗುಲಾಮರ ವ್ಯಾಪಾರ ಮಾಡಿತ್ತು, ಅದನ್ನು ಚಿತ್ರ ಮೆದುವಾಗಿಸಿತು ಎಂಬ ಟೀಕೆಯೂ ಬಂತು. ಅದನ್ನೂ ಮುಚ್ಚಿಡಬೇಡಿ. ಇನ್ನೊಂದು ಸಂಗತಿ ನಿಮ್ಮ ಕಣ್ಣಿಗೆ ಬಿದ್ದಿಲ್ಲ: 2022ರ ಆ ಹಾಲಿವುಡ್ ಚಿತ್ರ ತಯಾರಾದದ್ದು ದಕ್ಷಿಣ ಆಫ್ರಿಕಾದಲ್ಲಿ, ಒಂದಷ್ಟು ಭಾಗ ಅವರದೇ ಕ್ವಾಜುಲು-ನಟಾಲ್‌ನಲ್ಲಿ. ‘ಊರು ಬಿಟ್ಟು ಹಾಲಿವುಡ್ ಸೇರಿದರು’ ಎಂಬ ನಿಮ್ಮ ಸರಳರೇಖೆ ಇಲ್ಲಿಗೇ ಮುರಿಯುತ್ತದೆ.

ಕೊನೆಯ ಪುಟದಲ್ಲಿ ‘ಶ್ರಮಕ್ಕೆ ತಕ್ಕ ಫಲ’ ಎಂದು ಶುರುವಾಗುವ ಪ್ಯಾರಾ ಹೊಡೆದುಹಾಕಿದ್ದೇನೆ. ಅದರ ಬದಲು 2025ರ ಎಚ್‌ಬಿಒ ಸರಣಿ ‘ಟಾಸ್ಕ್’ ಬಗ್ಗೆ ನಾಲ್ಕು ಸಾಲು ಬರಲಿ. ಅಲ್ಲಿ ಅವರು ಮಾರ್ಕ್ ರಫಲೋ ಜತೆಗಿನ ತನಿಖಾ ತಂಡದ ಒಬ್ಬ ಅಧಿಕಾರಿ. ನಾಯಕಿಯಲ್ಲ, ಚರಿತ್ರೆಯ ಭಾರವಿಲ್ಲ, ದಿನದ ಕೆಲಸ ಮಾಡುವ ಹೆಂಗಸು. ಹೊರದೇಶದ ನಟಿಗೆ ಇಂಥ ಪಾತ್ರ ಸಿಗುವುದು ನನಗೆ ದೊಡ್ಡ ಪಾತ್ರದಷ್ಟೇ ಮುಖ್ಯವಾಗಿ ಕಾಣುತ್ತದೆ.

ತಿದ್ದಿ ಕಳಿಸುವುದಾದರೆ 1,500 ಪದ ಸಾಕು, ಅದರಲ್ಲಿ ಮೂರನೆಯ ಒಂದು ಭಾಗ ಜೊಹಾನ್ಸ್‌ಬರ್ಗ್‌ಗೆ ಇರಲಿ. ‘ಇಸ್‌ಥುನ್ಜಿ’ಯ ಕೆಲವು ದೃಶ್ಯಗಳನ್ನಾದರೂ ಹುಡುಕಿ ನೋಡಿ, ಆಮೇಲೆ ಕೂತು ಬರೆಯಿರಿ. ಅಂದಹಾಗೆ, ಯುನಿಕೋಡ್‌ನಲ್ಲೇ ಕಳಿಸಿ. ಹಳೆಯ ನುಡಿ ಫಾಂಟಿನ ನಿಮ್ಮ ಕಡತ ಇಲ್ಲಿ ತೆರೆದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು.

ಇಂತಿ,
ಸಂಪಾದಕ