ಮ್ಯಾಂಗನೈಟ್‌ (ಮ್ಯಾಂಗನೀಸ್ ಇರುವ ಆಕ್ಸೈಡ್ ಹರಳು) ಒಳಗೆ ಎರಡು ಕಾಂತೀಯ ಹಂತಗಳು ಒಟ್ಟಿಗೆ ಇವೆ ಅಂತ ಮ್ಯಾಗ್ನೆಟಿಕ್ ರೆಸೊನೆನ್ಸ್‌ನಿಂದ ಹೇಗೆ ಗೊತ್ತಾಗುತ್ತದೆ?

ಸಾಮಾನ್ಯ ಮ್ಯಾಗ್ನೆಟೈಸೇಶನ್ ಅಳತೆ ಇಡೀ ಹರಳಿನ ಒಟ್ಟು ಲೆಕ್ಕ ಕೊಡುತ್ತದೆ. ಇಎಸ್‌ಆರ್‌ನಲ್ಲಿ (ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್, ಅಂದರೆ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್ ಮೈಕ್ರೋವೇವ್ ಹೀರುವುದನ್ನು ಅಳೆಯುವ ವಿಧಾನ) ಹಾಗಲ್ಲ, ಬೇರೆ ಬೇರೆ ಹಂತಗಳ ಗೆರೆಗಳು, ಅಂದರೆ ಹೀರಿಕೆಯ ಗುರುತುಗಳು, ಬೇರೆ ಬೇರೆ ಕಾಂತಕ್ಷೇತ್ರದಲ್ಲಿ ಕಾಣುತ್ತವೆ. 9.4 ಗಿಗಾಹರ್ಟ್ಸ್‌ನಲ್ಲಿ ಅಳೆದರೆ ಪ್ಯಾರಾಮ್ಯಾಗ್ನೆಟಿಕ್ (ಪರಮಾಣು ಕಾಂತಗಳು ಅಡ್ಡಾದಿಡ್ಡಿ ಇರುವ) ಭಾಗದ ಗೆರೆ ಸುಮಾರು 3,350 ಗಾಸ್ ಹತ್ತಿರ ಬರುತ್ತದೆ. ಫೆರೋಮ್ಯಾಗ್ನೆಟಿಕ್ (ಅವು ಒಂದೇ ದಿಕ್ಕಿಗೆ ಸಾಲಾಗಿರುವ) ಭಾಗದಲ್ಲಿ ಒಳಗಿನ ಕ್ಷೇತ್ರವೂ ಸೇರಿಕೊಳ್ಳುತ್ತದೆ. ಹಾಗಾಗಿ ಅದರ ಗೆರೆ ಹೆಚ್ಚಾಗಿ ಕಡಿಮೆ ಕ್ಷೇತ್ರದ ಕಡೆ ಸರಿಯುತ್ತದೆ.

ಒಂದೇ ತಾಪಮಾನದಲ್ಲಿ ಎರಡೂ ಗೆರೆ ಕಂಡರೆ ಎರಡೂ ಹಂತ ಇವೆ ಅನ್ನಬಹುದು, ಅಲ್ವಾ? ಆದರೆ ಇಲ್ಲೇ ಜಾಸ್ತಿ ಎಚ್ಚರ ಬೇಕು. ಮಾದರಿಯ ಆಕಾರದಿಂದಲೂ ಗೆರೆ ಸೀಳಬಹುದು. ಅದಕ್ಕೇ ಹರಳನ್ನು ತಿರುಗಿಸಿ, ತಾಪಮಾನ ಬದಲಿಸಿ ನೋಡಲೇಬೇಕು. ಆಂಟಿಫೆರೋಮ್ಯಾಗ್ನೆಟಿಕ್ (ಪಕ್ಕದ ಪರಮಾಣು ಕಾಂತಗಳು ಎದುರುಬದುರು ಇರುವ) ಭಾಗದ ಗೆರೆ ಈ ಆವರ್ತನದಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ.

ಮ್ಯಾಂಗನೀಸ್-55 ಎನ್‌ಎಂಆರ್ (ಪರಮಾಣು ಬೀಜದ ರೆಸೊನೆನ್ಸ್ ಅಳೆಯುವ ವಿಧಾನ) ಇನ್ನೂ ಒಳಕ್ಕೆ ಇಣುಕುತ್ತದೆ. ಎಲೆಕ್ಟ್ರಾನ್‌ಗಳು ಓಡಾಡುವ ಲೋಹದಂಥ ಭಾಗ ಸುಮಾರು 380 ಮೆಗಾಹರ್ಟ್ಸ್‌ನಲ್ಲಿ, ಅವು ನಿಂತುಬಿಟ್ಟ ಭಾಗದ ಮ್ಯಾಂಗನೀಸ್ 4+ (ನಾಲ್ಕು ಎಲೆಕ್ಟ್ರಾನ್ ಕಳೆದುಕೊಂಡ ಮ್ಯಾಂಗನೀಸ್) ಸುಮಾರು 320ರಲ್ಲಿ ಕಾಣುತ್ತದೆ.